ಹೊಳೆಗೆ ದನಿ ಕೊಟ್ಟ ಬ್ಯಾಂಡ್

ಜಾನಪದಕ್ಕೆ ಗಿಟಾರ್ ಬೆರೆಸಿದ ತಂಡ ಎಂದು ‘ಸ್ವರಾತ್ಮ’ವನ್ನು ಎರಡು ದಶಕದಿಂದ ಹೊಗಳುತ್ತ ಬಂದಿದ್ದೇವೆ. ಅದರ ಹೆಚ್ಚುಗಾರಿಕೆ ಬೆರಕೆಯಲ್ಲಿಲ್ಲ. ನೀರು, ಓಟು, ಮಗು, ಸುದ್ದಿ ಇವೆಲ್ಲ ಹಾಡಿನಿಂದ ಹೊರಬಿದ್ದು ಎಷ್ಟೋ ಕಾಲವಾಗಿತ್ತು. ಅವನ್ನು ಮರಳಿ ಹಾಡಿನೊಳಗೆ ಕರೆತಂದ ತಂಡವಿದು. ಲಾವಣಿ, ಗೀಗೀ ಪದಗಳ ಗಡಿನಾಡಿಗೆ ಈ ಮಾತು ಎಲ್ಲರಿಗಿಂತ ಮೊದಲು ತಿಳಿಯಬೇಕು.

ಅನಂತ ಚತುರ್ದಶಿಯ ಇಳಿಹೊತ್ತು. ನಿಪ್ಪಾಣಿ ತಾಲ್ಲೂಕಿನ ಭೋಜದ ಓಣಿಯಲ್ಲಿ ಗಣಪತಿ ಮೆರವಣಿಗೆ ಹೆಜ್ಜೆಗೊಮ್ಮೆ ನಿಂತು ಸಾಗುತ್ತಿದೆ. ಗುಲಾಲಿನಲ್ಲಿ ಮುಖವೇ ಕಾಣದ ಹುಡುಗರು, ಅವರ ಹಿಂದೆ ಟ್ರ್ಯಾಕ್ಟರ್ ಟ್ರಾಲಿ. ಟ್ರಾಲಿಯ ಮೇಲೆ ಜನರೇಟರು, ಸ್ಪೀಕರ್ ಪೆಟ್ಟಿಗೆಗಳು, ಅವುಗಳ ನಡುವೆ ಇಕ್ಕಟ್ಟಾಗಿ ಕೂತ ಬೆಂಜೊ ಪಾರ್ಟಿ. ಬೆಂಜೊದವನ ಒಂದು ಕೈ ಕೀಲಿಗಳ ಮೇಲೆ ಓಡುತ್ತಿದೆ, ಇನ್ನೊಂದು ತಂತಿ ಮೀಟುತ್ತಿದೆ. ಮರಾಠಿ ಸಿನಿಮಾದ ಹಾಡು ಮುಗಿಯುವ ಮೊದಲೇ ರಾಜ್‌ಕುಮಾರ್ ಹಾಡು, ಅದರ ಬೆನ್ನಿಗೇ ಹಿಂದಿಯದು, ನಡುನಡುವೆ ಹಲಗಿಯ ಏಟು. ಕುಣಿಯುವವರ ಕಾಲಿಗೆ ಭಾಷೆ ಬದಲಾದದ್ದು ಗೊತ್ತೇ ಆಗುವುದಿಲ್ಲ. ದೂಧಗಂಗಾ, ವೇದಗಂಗಾ ನದಿಗಳು ಕೂಡುವ ಊರಿದು. ಕನ್ನಡ–ಮರಾಠಿಗಳು ಒಂದೇ ಮನೆಯ ಪಡಸಾಲೆಯಲ್ಲಿ ಮಾತಾಡಿಕೊಳ್ಳುವ ಸೀಮೆ.

ಇಂಥ ತಂಡಗಳ ಕೈಚಳಕಕ್ಕೆ ಕೊರತೆಯಿಲ್ಲ. ಸ್ವರಲಿಪಿಯ ಹಂಗಿಲ್ಲದೆ, ಒಮ್ಮೆ ಕೇಳಿದ ಧಾಟಿಯನ್ನು ಮರುದಿನ ಓಣಿಯಲ್ಲಿ ನುಡಿಸುವವರು ಇವರು. ಇಲ್ಲದಿರುವುದು ಒಂದೇ, ತಮ್ಮದೇ ಆದ ಹಾಡು. ಹಾಗೆಂದು ಇದನ್ನು ಭೋಜದ ಕೊರತೆ ಎನ್ನುವಂತಿಲ್ಲ. ಕನ್ನಡದ ಜನಪ್ರಿಯ ಸಂಗೀತಕ್ಕೇ ಇದ್ದ ಕೊರತೆ. ಹಲವು ದಶಕ ನಮ್ಮ ಕಿವಿಗೆ ಬಿದ್ದದ್ದು ಮುಖ್ಯವಾಗಿ ಸಿನಿಮಾ ಹಾಡು. ಅದನ್ನು ಬೇಡುವುದು ಕಥೆ, ಒಪ್ಪುವವರು ನಿರ್ಮಾಪಕರು, ಹಕ್ಕು ಹೊಂದುವುದು ಆಡಿಯೊ ಕಂಪನಿ. ಹಾಡುವವರಿಗೆ ಏನು ಹಾಡಬೇಕೆಂದು ನಿರ್ಧರಿಸುವ ಅಧಿಕಾರವಿಲ್ಲ. ಸಿನಿಮಾದ ಹೊರಗೆ ಒಂದು ದೊಡ್ಡ ದಾರಿ ತೆರೆದದ್ದು 1978ರಲ್ಲಿ, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ. ಮುಂದೆ ಸಿ. ಅಶ್ವತ್ಥ್ ಆ ದಾರಿಯನ್ನು ಹೆದ್ದಾರಿಯಾಗಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರವನ್ನು ನಾಡು ಮರೆತಿಲ್ಲ. ಆದರೆ ಭಾವಗೀತೆಯ ಮಾತು ಕವಿಯದು, ಬಹುಮಟ್ಟಿಗೆ ಮೊದಲೇ ಅಚ್ಚಾದದ್ದು. ಹಾಡುವವರೇ ಬರೆದು, ತಮ್ಮ ಕಾಲದ ಬಗ್ಗೆ ತಾವೇ ರಾಗ ಕಟ್ಟಿ, ತಾವೇ ವೇದಿಕೆ ಹತ್ತುವುದು ಇನ್ನೂ ಬಾಕಿ ಇತ್ತು. ಆ ಕೆಲಸಕ್ಕೆ ಕೈಹಾಕಿದವರಲ್ಲಿ ಮುಖ್ಯರು ಬೆಂಗಳೂರಿನ ‘ಸ್ವರಾತ್ಮ’ ತಂಡದವರು.

ಈ ತಂಡವನ್ನು ಪರಿಚಯಿಸುವವರು ಮೊದಲು ಹೇಳುವುದು ಕುದುರೆಯ ವಿಷಯ. ಹಾಡುಗಾರ ವಾಸು ದೀಕ್ಷಿತ್ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆಯಲ್ಲಿ ಕುಣಿಯುತ್ತಾರೆ, ಪಕ್ಕದಲ್ಲಿ ಪಿಟೀಲು, ಎಲೆಕ್ಟ್ರಿಕ್ ಗಿಟಾರ್, ಡೋಲು, ಡ್ರಮ್ಸ್, ಬಣ್ಣಬಣ್ಣದ ಉಡುಪು. ನೋಡಲು ಸೊಗಸು, ನಿಜ. ಹಾಗಾಗಿಯೇ ‘ಜಾನಪದ ರಾಕ್’, ‘ಫ್ಯೂಷನ್’ ಎಂಬ ಚೀಟಿಗಳು ಬಹುಬೇಗ ಅಂಟಿಕೊಂಡವು. ಆದರೆ ಬೆರೆಸುವುದನ್ನು ಬೇರೆಯವರೂ ಮಾಡಿದ್ದರು, ಇವರಿಗಿಂತ ಮೊದಲೇ ಮಾಡಿದ್ದರು. 1990ರಲ್ಲಿ ದೆಹಲಿಯಲ್ಲಿ ಹುಟ್ಟಿದ ‘ಇಂಡಿಯನ್ ಓಷನ್’ 2000ದ ‘ಕಂಡಿಸಾ’ ಆಲ್ಬಮ್ ಹೊತ್ತಿಗೆ ಆ ಕಸುಬನ್ನು ಮಾಗಿಸಿತ್ತು. ಕೇರಳದ ‘ಅವಿಯಲ್’ ಮಲಯಾಳದಲ್ಲಿ ಅದನ್ನೇ ಸಾಧಿಸಿತು. ವಾಸು ಅವರ ಅಣ್ಣ ರಘು ದೀಕ್ಷಿತ್ ಮೈಸೂರಿನ ‘ಅಂತರಾಗ್ನಿ’ ತಂಡದಿಂದ ಹೊರಟು, 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ತಂದರು, ಆ ಹಾಡುಗಳು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋದವು. ಬೆರಕೆಯೇ ಅಳತೆಗೋಲಾದರೆ ಸ್ವರಾತ್ಮ ಈ ಸಾಲಿನಲ್ಲಿ ಒಂದು ಹೆಸರು, ಅಷ್ಟೆ. ಅದನ್ನು ಸಾಲಿನಿಂದ ಬೇರೆ ನಿಲ್ಲಿಸುವುದು ಅದು ಆರಿಸಿಕೊಂಡ ವಸ್ತು.

ಹೀಗೆ ನಡೆದರು

*2000ರ ದಶಕದ ಆರಂಭದಲ್ಲಿ ಶುರುವಾದ ತಂಡ 2006ರಲ್ಲಿ ‘ರೇಡಿಯೊ ಸಿಟಿ ಲೈವ್’ ಸ್ಪರ್ಧೆ ಗೆದ್ದು ಬೆಳಕಿಗೆ ಬಂತು. 2009: ಮೊದಲ ಆಲ್ಬಮ್ ‘ಸ್ವರಾತ್ಮ’. ಅದರ ಬೆನ್ನಿಗೆ ಬ್ರಿಟಿಷ್ ಕೌನ್ಸಿಲ್‌ನ ‘ಸೌಂಡ್‌ಪ್ಯಾಡ್’ ಯೋಜನೆಯಡಿ ಹೆಸರಾಂತ ಧ್ವನಿಮುದ್ರಣ ನಿರ್ಮಾಪಕ ಜಾನ್ ಲೆಕಿ ಜೊತೆ ಕೆಲಸ. 2011: ‘ದ ಡೆವಾರಿಸ್ಟ್ಸ್’ ಟಿ.ವಿ. ಸರಣಿಯಲ್ಲಿ ಶುಭಾ ಮುದ್ಗಲ್ ಜೊತೆ ಹಾಡು. 2012: ಲಾಯ್ ಮೆಂಡೊನ್ಸಾ ನಿರ್ಮಾಣದ ‘ಟೋಪಿವಾಲೆ’. 2018: ‘ರಾಹ್-ಎ-ಫಕೀರಾ’. ತಂಡಕ್ಕೆ ಹೆಸರು ತಂದ ಬಳಗ: ವಾಸು ದೀಕ್ಷಿತ್, ಜಿಷ್ಣು ದಾಸ್‌ಗುಪ್ತಾ, ವರುಣ್ ಮುರಳಿ, ಸಂಜೀವ್ ನಾಯಕ್, ಪವನ್ ಕುಮಾರ್ ಕೆ.ಜೆ., ಮಾಂಟ್ರಿ ಮ್ಯಾನುಯೆಲ್.*

2007ರ ಫೆಬ್ರುವರಿಯಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು. ಬೆಂಗಳೂರು, ಮಂಡ್ಯ, ಮೈಸೂರುಗಳಲ್ಲಿ ಬಂದ್, ಮೆರವಣಿಗೆ, ಟಿಎಂಸಿಯ ಲೆಕ್ಕ. ಎರಡು ವರ್ಷದ ತರುವಾಯ ಬಂದ ಸ್ವರಾತ್ಮದ ಮೊದಲ ಆಲ್ಬಮ್‌ನಲ್ಲಿ ‘ಪ್ಯಾಸಿ’ ಎಂಬ ಹಾಡಿತ್ತು. ಅಲ್ಲಿ ಮಾತಾಡುವುದು ರೈತನಲ್ಲ, ರಾಜ್ಯವಲ್ಲ, ನದಿಯೇ. ಎರಡು ಕಡೆಯವರೂ ತನಗಾಗಿ ಜಗಳವಾಡುತ್ತಿರುವಾಗ ಬಾಯಾರಿ ನಿಂತವಳು ಕಾವೇರಿ. ಈ ಆಯ್ಕೆಯ ಧೈರ್ಯವನ್ನು ಸರಿಯಾಗಿ ಅಳೆಯಬೇಕು. ನೀರಿನ ಜಗಳದಲ್ಲಿ ಬೆಂಗಳೂರಿನ ಕಲಾವಿದರಿಗೆ ಸುಲಭದ ದಾರಿ ಎರಡೇ: ಒಂದು, ನಮ್ಮ ಪಾಲಿನ ನೀರಿಗಾಗಿ ವೇದಿಕೆ ಏರುವುದು, ಇನ್ನೊಂದು, ಸುಮ್ಮನಿರುವುದು. ಮೂರನೆಯ ದಾರಿಯನ್ನು ಈ ಹಾಡು ಮಾಡಿಕೊಂಡಿತು. ಹೊಳೆಗೆ ಮಾತು ಕೊಟ್ಟ ಕೂಡಲೇ ಕೇಳುವವನು ತಮಿಳನಾಗಿರಲಿ, ಕನ್ನಡಿಗನಾಗಿರಲಿ, ಉತ್ತರ ಕೊಡಬೇಕಾದ ಜಾಗಕ್ಕೆ ಬಂದು ನಿಲ್ಲುತ್ತಾನೆ. ಯಾವ ಸಂಪಾದಕೀಯಕ್ಕೂ ಇಷ್ಟು ಚಿಕ್ಕದಾಗಿ, ಇಷ್ಟು ನೇರವಾಗಿ ಅದನ್ನು ಮಾಡಲಾಗಿರಲಿಲ್ಲ ಎಂದೇ ಈ ಲೇಖಕನ ಎಣಿಕೆ.

ದೂಧಗಂಗೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರದ ಘಟ್ಟದಿಂದ ಇಳಿದು ಬರುವ ಈ ಹೊಳೆಗೆ ಮೇಲೆ ಕಾಳಮ್ಮವಾಡಿ ಅಣೆಕಟ್ಟಿದೆ. ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಒಣಗಿದಾಗ ಕೊಯ್ನಾ, ವಾರಣಾ ಜಲಾಶಯಗಳಿಂದ ನೀರು ಬಿಡಿ ಎಂದು ಬೆಂಗಳೂರು ಮುಂಬೈಗೆ ಪತ್ರ ಬರೆಯುತ್ತದೆ. ಮಳೆಗಾಲದಲ್ಲಿ ಅದೇ ಜಲಾಶಯಗಳ ಗೇಟು ತೆರೆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ದಂಡೆಯ ಊರುಗಳಲ್ಲಿ ಎದೆ ಬಡಿದುಕೊಳ್ಳುತ್ತದೆ. 2019ರ ಆಗಸ್ಟಿನ ಮಹಾಪೂರ ಮನೆಗಳನ್ನೂ ಕಬ್ಬನ್ನೂ ಒಟ್ಟಿಗೆ ನುಂಗಿದ್ದು ಇನ್ನೂ ಹಸಿ ನೆನಪು. ಕಾವೇರಿಯನ್ನು ಕುರಿತ ಹಾಡು ಕೃಷ್ಣಾ ಕಣಿವೆಯವರಿಗೆ ತಮ್ಮದೆನಿಸಿದರೆ ಅದರಲ್ಲಿ ಅಚ್ಚರಿಯಿಲ್ಲ.

‘ಪ್ಯಾಸಿ’ ಒಂದು ಆಕಸ್ಮಿಕವಾಗಿದ್ದರೆ ಇಷ್ಟು ದೊಡ್ಡ ಮಾತು ಸಲ್ಲುತ್ತಿರಲಿಲ್ಲ. 2012ರ ‘ಟೋಪಿವಾಲೆ’ ಆಲ್ಬಮ್ ಅದು ಆಕಸ್ಮಿಕವಲ್ಲ ಎಂದು ಸ್ಥಾಪಿಸಿತು. ಹೆಸರಿನ ಹಾಡು ಜನರಿಗೆ ಟೋಪಿ ಹಾಕುವ ರಾಜಕಾರಣಿಗಳ ಮೇಲೆ. ‘ಆಜ್ ಕೀ ತಾಜಾ ಫಿಕರ್’ ಸುದ್ದಿಯನ್ನು ಸಂತೆಯ ಸರಕು ಮಾಡಿದ ಚಾನೆಲ್‌ಗಳ ಮೇಲೆ. ‘ಘುಮ್’ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ. ಕೊನೆಯದನ್ನು ಗಮನಿಸಿ. ಮಕ್ಕಳ ರಕ್ಷಣೆಯ ಪೋಕ್ಸೊ ಕಾಯ್ದೆ ಬಂದದ್ದೂ ಅದೇ 2012ರಲ್ಲಿ. ಮನೆಯೊಳಗೂ ಬಾಯಿಬಿಟ್ಟು ಆಡದ ವಿಷಯವನ್ನು ಸಾವಿರಾರು ಕಾಲೇಜು ಹುಡುಗ ಹುಡುಗಿಯರ ಎದುರು, ಕುಣಿಸಲೆಂದು ಕರೆಸಿದ ವೇದಿಕೆಯಲ್ಲಿ ಹಾಡುವುದೆಂದರೆ ಆ ಸಂಜೆಯ ಚಪ್ಪಾಳೆಯನ್ನು ಪಣಕ್ಕಿಡುವುದು. ಸ್ವತಂತ್ರ ಬ್ಯಾಂಡಿಗೆ ಮಾತ್ರ ಅದು ಸಾಧ್ಯ; ಹಾಡಿನ ಪಟ್ಟಿಯನ್ನು ಅಲ್ಲಿ ಬೇರೆ ಯಾರೂ ತಿದ್ದುವುದಿಲ್ಲ.

ಈ ಕೆಲಸ ಹೊಸದೇ? ಅಲ್ಲ, ಬಲು ಹಳೆಯದು, ಅದೂ ಈ ಭಾಗದ್ದೇ. ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಆಜ್ಞೆಯ ವಿರುದ್ಧ 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದದ್ದು ಜನಕ್ಕೆ ತಲುಪಿದ್ದು ಲಾವಣಿಯ ಮೂಲಕ. ಕಿತ್ತೂರಿನ ಪತನ, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ನೇಣು, ಎಲ್ಲವೂ ಡಪ್ಪಿನ ಏಟಿಗೆ ಊರೂರು ತಿರುಗಿದವು. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಗೀಗೀ ಮೇಳಗಳು ಬ್ರಿಟಿಷರ ಕಣ್ಣಿಗೆ ಕಸವಾದವು. ಹರದೇಶಿ–ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು–ಜವಾಬು ನಡೆಸುತ್ತಿದ್ದುದು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬಂಥ, ಇಂದಿಗೂ ಮುಗಿಯದ ಪ್ರಶ್ನೆಗಳ ಮೇಲೆ. ಹಾಡು ಎಂದರೆ ಆಗ ಸುದ್ದಿ, ತರ್ಕ, ಜಗಳ. ರೇಡಿಯೊ, ಸಿನಿಮಾ ಬಂದ ಮೇಲೆ ಸುದ್ದಿ ಒಂದು ಕಡೆ ಹೋಯಿತು, ಹಾಡು ಇನ್ನೊಂದು ಕಡೆ. ಹಾಡಿನ ಪಾಲಿಗೆ ಉಳಿದದ್ದು ಪ್ರೀತಿ ಮತ್ತು ಭಕ್ತಿ. ಸ್ವರಾತ್ಮ ಮಾಡಿದ್ದು ಈ ಒಡಕನ್ನು ಮತ್ತೆ ಕೂಡಿಸುವ ಯತ್ನ. ಜಾನಪದದ ವೇಷ, ವಾದ್ಯಗಳಿಗಿಂತ ಅದರ ಈ ಹೊಣೆಗಾರಿಕೆಯೇ ತಂಡವನ್ನು ಜಾನಪದದ ವಾರಸುದಾರನನ್ನಾಗಿ ಮಾಡುತ್ತದೆ.

ಫ್ಲೀಟ್ ಸಾಹೇಬನ ಲಾವಣಿ ಗಂಟು

*ಮುಂಬೈ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಂದಿಗೆ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿ ಬೇಡರ ದಂಗೆಯ ಲಾವಣಿಗಳು ಅವುಗಳಲ್ಲಿವೆ. ಆಳುವವರ ವಿರುದ್ಧ ಕಟ್ಟಿದ ಹಾಡುಗಳನ್ನು ಅಚ್ಚಿನಲ್ಲಿ ಉಳಿಸಿದ್ದು ಆಳುವವರ ಕಚೇರಿಯವನೇ.*

ಈ ವಾದಕ್ಕೆ ಆಕ್ಷೇಪಗಳಿವೆ, ಕೆಲವು ತೂಕದವು. ಎಲ್ಲಕ್ಕಿಂತ ಮೊದಲಿನದು ಭಾಷೆಯದು. ‘ಈ ಭೂಮಿ’ಯಂಥ ಕನ್ನಡ ಹಾಡುಗಳಿದ್ದರೂ ಸ್ವರಾತ್ಮದ ಹೆಚ್ಚಿನ ಹಾಡುಗಳು ಹಿಂದಿಯವು. ಕಾವೇರಿಯ ದುಃಖವನ್ನೂ ಹಿಂದಿಯಲ್ಲಿ ಹಾಡಿದವರನ್ನು ಕನ್ನಡದ ಲಾವಣಿಯ ವಾರಸುದಾರರೆನ್ನುವುದು ಹೇಗೆ? ಹಿಂದಿ ಹೇರಿಕೆಯ ಬಗ್ಗೆ ಎಚ್ಚರವಿರುವ ಯಾರಿಗೂ ಈ ಪ್ರಶ್ನೆ ಬರುತ್ತದೆ, ಬರಲೇಬೇಕು. ಕನ್ನಡದಲ್ಲಿ ಅದು ಹುಟ್ಟಿದ್ದರೆ ಮಂಡ್ಯದ ರೈತನ ಕಿವಿಗೆ ಇನ್ನಷ್ಟು ಬೇಗ ತಲುಪುತ್ತಿತ್ತು ಎಂಬುದನ್ನು ಒಪ್ಪಲೇಬೇಕು. ಆದರೆ ಕಾವೇರಿ ಜಗಳದ ಎರಡೂ ಪಕ್ಷಗಳದ್ದಲ್ಲದ ಭಾಷೆಯಲ್ಲಿ ಬಂದುದರಿಂದ ಹಾಡು ಯಾವ ಪಕ್ಷದ ಬಾವುಟವೂ ಆಗಲಿಲ್ಲ ಎಂಬುದೂ ಅಷ್ಟೇ ನಿಜ. ಭಾಷೆಯ ಆಣೆಪ್ರಮಾಣ ಹೇಗಿರುತ್ತದೆಂದು ನಿಪ್ಪಾಣಿಗೆ ಗೊತ್ತು. ಗಡಿ ವಿವಾದ ಕುರಿತ 1967ರ ಮಹಾಜನ್ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಲು ಹೇಳಿತ್ತು. ವರದಿಯನ್ನು ಮಹಾರಾಷ್ಟ್ರವೇ ಒಪ್ಪಲಿಲ್ಲ. 2004ರಿಂದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಇಷ್ಟಾದರೂ ಕನ್ನಡ ಮನೆಮಾತಿನ ವಾರಕರಿಗಳು ಪಂಢರಪುರದ ದಾರಿಯಲ್ಲಿ ಮರಾಠಿ ಅಭಂಗ ಹಾಡುವುದನ್ನು ನಿಲ್ಲಿಸಿಲ್ಲ. ಯಾರೂ ಅವರ ಕನ್ನಡತನವನ್ನು ಅದರಿಂದ ಅಳೆದಿಲ್ಲ. ಗಡಿಯಲ್ಲಿ ಹಾಡಿಗೆ ಸಿಕ್ಕಿರುವ ಈ ಸಲುಗೆಯನ್ನು ಬೆಂಗಳೂರಿನ ಒಂದು ತಂಡಕ್ಕೆ ನಿರಾಕರಿಸುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ಹಣದ್ದು. ಸ್ವತಂತ್ರ ಎಂದು ಹೇಳಿಕೊಳ್ಳುವ ತಂಡ ಬೆಳಕಿಗೆ ಬಂದದ್ದು ವಾಣಿಜ್ಯ ಎಫ್‌ಎಂ ವಾಹಿನಿಯ ಸ್ಪರ್ಧೆಯಿಂದ. ವಿದೇಶಿ ದಾರಿ ತೆರೆದದ್ದು ಬ್ರಿಟಿಷ್ ಕೌನ್ಸಿಲ್. ಡೆವಾರಿಸ್ಟ್ಸ್ ಸರಣಿಯ ಹೆಸರು ವಿಸ್ಕಿಯ ಬ್ರ್ಯಾಂಡೊಂದರಿಂದ ಬಂದದ್ದು. ಹಾಗಾದರೆ ಸ್ವಾತಂತ್ರ್ಯ ಎಲ್ಲಿ? ಸಿ.ಡಿ. ಮಾರಾಟದಿಂದ ಬದುಕು ಸಾಗದ ಕಾಲದಲ್ಲಿ ಕಾಲೇಜು ಹಬ್ಬ, ಸಂಗೀತೋತ್ಸವ, ಕಂಪನಿ ಕಾರ್ಯಕ್ರಮಗಳೇ ಇಂಥ ತಂಡಗಳ ಅನ್ನ. ಆದರೆ ಸ್ವಾತಂತ್ರ್ಯವನ್ನು ಹಣ ಎಲ್ಲಿಂದ ಬಂತೆಂಬುದರಿಂದ ಅಳೆದರೆ ನಮ್ಮ ಸಂಗೀತದಲ್ಲಿ ಯಾರೂ ಸ್ವತಂತ್ರರಾಗಿ ಉಳಿಯುವುದಿಲ್ಲ. ಭೋಜಕ್ಕೆ ಹತ್ತಿರದ ಕೊಲ್ಹಾಪುರದಲ್ಲಿ ಹಿಂದೂಸ್ತಾನಿ ಗಾಯಕ ಅಲ್ಲಾದಿಯಾ ಖಾನರನ್ನು ಸಾಕಿದ್ದು ಶಾಹೂ ಮಹಾರಾಜರ ದರ್ಬಾರು. ಅವರ ಜೈಪುರ–ಅತ್ರೌಲಿ ಗಾಯಕಿಯ ಜಟಿಲ ರಾಗಗಳನ್ನು ದರ್ಬಾರು ಆಜ್ಞೆ ಮಾಡಿ ಹಾಡಿಸಲಿಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೇ: ಹಣ ಕೊಟ್ಟವರು ಹಾಡನ್ನು ಬದಲಿಸಿದರೇ? ಪ್ರಾಯೋಜಕರ ವೇದಿಕೆಗಳನ್ನು ಹತ್ತಿದ ಮೇಲೆಯೇ ತಂಡ ‘ಘುಮ್’ ಹಾಡಿತು, ‘ಟೋಪಿವಾಲೆ’ ಹಾಡಿತು. ವಸ್ತು ತೆಳುವಾಗಲಿಲ್ಲ, ಇನ್ನಷ್ಟು ಖಾರವಾಯಿತು. ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಸಂದೇಶವಿರುವ ಹಾಡು ಉಪದೇಶವಾಗುತ್ತದೆ ಎಂಬ ಮಾತೂ ಇದೆ. ಸರ್ಕಾರಿ ಇಲಾಖೆಗಳು ಗೀಗೀ ಮೇಳಗಳಿಂದ ಯೋಜನೆಗಳ ಪಟ್ಟಿ ಹಾಡಿಸಿದಾಗ ಆದದ್ದು ಅದೇ. ಸ್ವರಾತ್ಮದ ರಾಜಕಾರಣಿ ಹಾಡಿನಲ್ಲೂ ಕೆಲವೊಮ್ಮೆ ಆ ಅಪಾಯ ಕಾಣುತ್ತದೆ. ಎಲ್ಲರಿಗೂ ಗೊತ್ತಿರುವ ಕಳ್ಳನನ್ನು ತೋರಿಸುವುದರಲ್ಲಿ ಹೊಸ ಅರಿವಿಲ್ಲ. ನದಿ ಮಾತಾಡುವ ಹಾಡು ಆ ಬಲೆಯಿಂದ ಪಾರಾಗಿದೆ, ಏಕೆಂದರೆ ಅದು ತೀರ್ಪು ಕೊಡುವುದಿಲ್ಲ, ಪಾತ್ರವೊಂದರ ಸಂಕಟವನ್ನು ಎದುರಿಗಿಡುತ್ತದೆ. ತಂಡದ ಒಳ್ಳೆಯ ಹಾಡಿಗೂ ಸಾಧಾರಣ ಹಾಡಿಗೂ ಇರುವ ಅಂತರ ಇಲ್ಲಿಯದೇ.

ಗಿಟಾರ್, ಡ್ರಮ್ಸ್ ಪರದೇಶದವು ಎಂಬ ಹಳೆಯ ತಕರಾರಿಗೆ ಉತ್ತರವಾಗಿ ಬೆಂಜೊ ಪಾರ್ಟಿಯ ಬೆಂಜೊವನ್ನೇ ತೋರಿಸಬಹುದು. ಟೈಪ್‌ರೈಟರಿನಂಥ ಕೀಲಿಗಳ ಈ ವಾದ್ಯದ ಮೂಲ ಜಪಾನಿನ ತೈಶೋಗೊಟೊ. 1912ರಲ್ಲಿ ನಗೋಯಾದ ಗೊರೊ ಮೊರಿಟಾ ರೂಪಿಸಿದ್ದು. ಅದು ‘ಬುಲ್‌ಬುಲ್ ತರಂಗ್’ ಆಗಿ, ವಿದ್ಯುತ್ ಪಿಕಪ್ ಕಟ್ಟಿಸಿಕೊಂಡು, ಗಣಪತಿಯ ಟ್ರಾಲಿ ಹತ್ತಿದೆ. ಪರದೇಶದ್ದೆಂದು ಈಗ ಯಾರೂ ಅದನ್ನು ಕೆಳಗಿಳಿಸುವುದಿಲ್ಲ.

ನಿಜವಾಗಿ ಕಾಡುವ ಆಕ್ಷೇಪ ಕೊನೆಯದು: ಇದೆಲ್ಲ ನಗರದ ಕಥೆ, ಭೋಜಕ್ಕೆ ಬಂದದ್ದೇನು? ಬೆಂಗಳೂರಿಗೆ 1996ರಿಂದ ‘ಫ್ರೀಡಂ ಜಾಮ್’ನಂಥ ಬಯಲು ವೇದಿಕೆಯಿತ್ತು, ಅದೇ ವರ್ಷದ ಸುಮಾರಿಗೆ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ನಂಥ, ಸ್ವಂತ ಇಂಗ್ಲಿಷ್ ಹಾಡು ಕಟ್ಟುವ ಹಿರಿಯ ತಂಡವಿತ್ತು, ಬಾಡಿಗೆ ಸ್ಟುಡಿಯೊಗಳಿದ್ದವು. ಚಿಕ್ಕೋಡಿ ಸೀಮೆಗೆ ಅವು ಯಾವುವೂ ಇರಲಿಲ್ಲ. ಆದರೂ ಸ್ವತಂತ್ರ ಸಂಗೀತ ಇಲ್ಲಿಗೆ ಬಂದಿದೆ, ಬೇರೆ ದಾರಿಯಿಂದ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ನಿಪನಾಳ ಉತ್ತರ ಕರ್ನಾಟಕದ ಜಾನಪದ ಧಾಟಿಯ ಹಾಡುಗಳನ್ನು ಯೂಟ್ಯೂಬಿಗೆ ಹಾಕಿ ನಾಡಿನಾದ್ಯಂತ ಹೆಸರಾದರು. ಆ ಬಗೆಯ ಹಾಡು ಕಟ್ಟುವ ಯುವಕರು ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಊರೂರಲ್ಲಿದ್ದಾರೆ. ಸಿನಿಮಾ ಇಲ್ಲ, ದೊಡ್ಡ ಕಂಪನಿ ಇಲ್ಲ. ಬರೆಯುವವರು, ಹಾಡುವವರು, ಕುಣಿಯುವವರು ಎಲ್ಲರೂ ಸುತ್ತಲಿನವರು. ಆಡುನುಡಿಯೂ ಅಪ್ಪಟ. ಸ್ವಾತಂತ್ರ್ಯದ ಲೆಕ್ಕದಲ್ಲಿ ಬೆಂಗಳೂರಿನ ಯಾವ ರಾಕ್ ಬ್ಯಾಂಡಿಗೂ ಇವರು ಕಡಿಮೆಯಲ್ಲ, ಕೇಳುಗರ ಲೆಕ್ಕದಲ್ಲಿ ಬಹಳ ಮುಂದಿದ್ದಾರೆ.

ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟರೆ ಸ್ವರಾತ್ಮದ ಪರಂಪರೆ ಯಾವುದೆಂದು ಸ್ಪಷ್ಟವಾಗುತ್ತದೆ. ಯೂಟ್ಯೂಬ್ ಜಾನಪದಕ್ಕೆ ಜನ ಇದ್ದಾರೆ, ಭಾಷೆ ಇದೆ, ಒಡೆತನ ಇದೆ. ವಸ್ತು ಮಾತ್ರ ಬಹುಪಾಲು ಪ್ರೀತಿ, ಮುನಿಸು, ವಿರಹಗಳ ಸುತ್ತಲೇ ಸುತ್ತುತ್ತದೆ. ಸ್ವರಾತ್ಮಕ್ಕೆ ವಸ್ತುವಿನ ಹರವಿತ್ತು. ಅದರ ಕೇಳುಗರು ಟಿಕೆಟ್ ಕೊಳ್ಳುವ ನಗರದವರು. ವಾಸು ದೀಕ್ಷಿತ್ ಮುಂದೆ ‘ವಾಸು ದೀಕ್ಷಿತ್ ಕಲೆಕ್ಟಿವ್’ ಕಟ್ಟಿ ದಾಸರ ಪದ, ತತ್ವಪದಗಳ ಕಡೆಗೆ, ಕನ್ನಡದ ಕಡೆಗೆ ಹೆಚ್ಚು ತಿರುಗಿದ್ದು ಈ ಅಂತರ ಅವರಿಗೂ ಕಂಡಿರಬಹುದೆಂಬುದಕ್ಕೆ ಸೂಚನೆ. ಆದರೆ ಅಂತರ ಕಡಿಮೆಯಾಗಬೇಕಾದರೆ ಚಲನೆ ಒಂದೇ ಕಡೆಯಿಂದ ಸಾಲದು, ಕೃಷ್ಣೆಯ ದಂಡೆಯಿಂದಲೂ ಬರಬೇಕು. ಅದಕ್ಕೆ ರಾಕ್ ಬ್ಯಾಂಡ್ ಬೇಕಾಗಿಲ್ಲ. ಆಕ್ಟೋಪ್ಯಾಡ್, ಕೀಬೋರ್ಡ್, ಬೆಂಜೊ, ಹಲಗಿ ಇರುವ ಯಾವ ತಂಡಕ್ಕೂ ಸಾಧನಗಳಿವೆ. ಮುದ್ರಿಸಲು ಮೊಬೈಲ್ ಇದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಬೆಲೆಗಾಗಿ ರೈತರು ಹಗಲಿರುಳು ರಸ್ತೆಯಲ್ಲಿ ಕೂತರು. ನೂರು ವರ್ಷದ ಹಿಂದಾಗಿದ್ದರೆ ಆ ವಾರದೊಳಗೆ ಒಂದು ಗೀಗೀ ಪದ ಹುಟ್ಟಿ ಗೋಕಾಕದಿಂದ ಅಥಣಿಯವರೆಗೆ ಜಾತ್ರೆಯಿಂದ ಜಾತ್ರೆಗೆ ತಿರುಗುತ್ತಿತ್ತು. ಬೆಂಗಳೂರಿನ ಬ್ಯಾಂಡೊಂದು ಕಾವೇರಿಗೆ ಮಾಡಿದ್ದನ್ನು ಕಬ್ಬಿಗೆ, ಕಾಳಮ್ಮವಾಡಿಯ ನೀರಿಗೆ, ಮಹಾಪೂರದಲ್ಲಿ ಮನೆ ಕಳೆದುಕೊಂಡವರಿಗೆ ಮಾಡಬಲ್ಲ ತಂಡಗಳು ಈ ಸೀಮೆಯಲ್ಲಿ ಭಾದ್ರಪದ ಬಂದಾಗಲೆಲ್ಲ ರಸ್ತೆಗಿಳಿಯುತ್ತಿವೆ.